ಮುದ್ರೆ ಬೀಳದ ಪಾಸ್‌ಪೋರ್ಟ್: 2010ರಲ್ಲಿ ನಿಂತುಹೋದ ಒಂದು ಪಯಣದ ಪ್ರಕರಣ ಅಧ್ಯಯನ

2010ರ ಜುಲೈ 15ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಜಾಳಿಗೆ ಕೋಲಿನ ಚೆಂಡಾಟವಾದ ಲಕ್ರಾಸಿನ ವಿಶ್ವ ಚಾಂಪಿಯನ್‌ಶಿಪ್ ಆರಂಭವಾಗುವುದಿತ್ತು. ಮೊದಲ ದಿನವೇ ಆತಿಥೇಯ ಇಂಗ್ಲೆಂಡನ್ನು ಎದುರಿಸಬೇಕಿದ್ದ ‘ಇರೊಕ್ವಾ ನ್ಯಾಷನಲ್ಸ್’, ಉತ್ತರ ಅಮೆರಿಕದ ಮೂಲನಿವಾಸಿ ರಾಷ್ಟ್ರಗಳ ಒಕ್ಕೂಟವೊಂದರ ತಂಡ, ಆ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ, ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಸಾಮಾನು ಕಟ್ಟಿಕೊಂಡು ಕೂತಿತ್ತು. ಅವರಿಗೆ ಟಿಕೆಟ್ ಇತ್ತು, ಆಡುವ ಅರ್ಹತೆ ಇತ್ತು, ಜಗತ್ತಿನ ನಾಲ್ಕನೆಯ ಬಲಿಷ್ಠ ತಂಡವೆಂಬ ಹೆಸರೂ ಇತ್ತು. ಆ ಒಕ್ಕೂಟವೇ ಕೊಟ್ಟ ಅವರ ಪಾಸ್‌ಪೋರ್ಟನ್ನು ಪಾಸ್‌ಪೋರ್ಟ್ ಎಂದು ಒಪ್ಪಿಕೊಳ್ಳುವ ಮೇಜು ಮಾತ್ರ ಎಲ್ಲೂ ಸಿಗಲಿಲ್ಲ.

ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು. ಸುದ್ದಿ ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದದ್ದರಿಂದ ತಂಡದ ಗುರುತನ್ನು, ದೇಶಗಳ ಗುರುತನ್ನು ಮುಚ್ಚಿಡುವುದು ಬರಿಯ ನಟನೆಯಾದೀತು. ಆದರೆ ಆಟಗಾರರು, ವ್ಯವಸ್ಥಾಪಕರು, ಕೌಂಟರುಗಳ ಹಿಂದೆ ಕೂತಿದ್ದ ಅಧಿಕಾರಿಗಳು ಇವರಲ್ಲಿ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಅವರು ಯಾರೆಂಬುದಕ್ಕಿಂತ ಅವರ ಮುಂದೆ ಯಾವ ದಾರಿಗಳಿದ್ದವು, ಯಾವುದನ್ನು ಬಿಟ್ಟರು ಎನ್ನುವುದೇ ಕಲಿಯುವವರಿಗೆ ಬೇಕಾದದ್ದು. ಚರಿತ್ರೆಗೆ ಸೇರಿದವರನ್ನೂ ದೊಡ್ಡ ಸಾರ್ವಜನಿಕ ಹುದ್ದೆಯಲ್ಲಿದ್ದವರನ್ನೂ ಮಾತ್ರ ಹೆಸರಿಸಿದ್ದೇನೆ.

ಉದ್ದ ಮನೆಯ ಜನ

ಹೊರಗಿನವರು ಇರೊಕ್ವಾ ಎಂದು ಕರೆದ ಈ ಜನ ತಮ್ಮನ್ನು ಹೋಡೆನೊಶೋನಿ ಎಂದು ಕರೆದುಕೊಳ್ಳುತ್ತಾರೆ. ಉದ್ದ ಮನೆ ಕಟ್ಟುವ ಜನ ಎಂದು ಅದರ ಅರ್ಥ. ಒಂದೇ ಸೂರಿನಡಿ ಹಲವು ಒಲೆಗಳು, ಪ್ರತಿ ಒಲೆಯ ಸುತ್ತ ಒಂದೊಂದು ಸಂಸಾರ: ಆ ಮನೆಯ ನಕ್ಷೆಯೇ ಅವರ ರಾಜ್ಯ ವ್ಯವಸ್ಥೆಯ ನಕ್ಷೆಯೂ ಹೌದು. ಮೋಹಾಕ್, ಒನೈಡಾ, ಒನೊಂಡಾಗ, ಕಯುಗಾ, ಸೆನೆಕಾ ಎಂಬ ಐದು ರಾಷ್ಟ್ರಗಳು ಪರಸ್ಪರ ಕಾದಾಟ ನಿಲ್ಲಿಸಿ ‘ಶಾಂತಿಯ ಮಹಾನಿಯಮ’ಕ್ಕೆ ಒಳಪಟ್ಟವು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ದಕ್ಷಿಣದಿಂದ ಬಂದ ಟಸ್ಕರೋರಾ ಆರನೆಯವರಾಗಿ ಸೇರಿದರು. ಮಹಾಸಭೆಯಲ್ಲಿ ಕೂರುವ ನಾಯಕರನ್ನು ಆರಿಸುವವರು ಕುಲದ ತಾಯಂದಿರು. ತಪ್ಪಿ ನಡೆದವರನ್ನು ಇಳಿಸುವ ಅಧಿಕಾರವೂ ಅವರದೇ. ಒಕ್ಕೂಟದ ಒಲೆ ಉರಿಯುವುದು ಒನೊಂಡಾಗದಲ್ಲಿ, ಇಂದಿನ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ಪಕ್ಕದಲ್ಲಿ.

ಅಮೆರಿಕ ಮತ್ತು ಕೆನಡಾ ನಡುವಿನ ಗಡಿರೇಖೆ ಈ ಜನರ ನೆಲದ ಮೇಲೆಯೇ ಎಳೆದದ್ದು. ಕೆಲವು ಸಮುದಾಯಗಳು ಒಂಟಾರಿಯೊ, ಕ್ವಿಬೆಕ್ ಕಡೆ ಉಳಿದವು, ಕೆಲವು ನ್ಯೂಯಾರ್ಕ್ ಕಡೆ. ರೇಖೆ ದಾಟಿ ಬಂದವರು ತಾವಲ್ಲ, ರೇಖೆಯೇ ತಮ್ಮನ್ನು ದಾಟಿ ಹೋಯಿತು ಎಂಬುದು ಅವರ ವಾದ. ನಕ್ಷೆ ನೋಡಿದರೆ ವಾದವನ್ನು ಅಲ್ಲಗಳೆಯುವುದು ಕಷ್ಟ.

ಹೊರಗಿನವರೊಡನೆ ಹೇಗಿರಬೇಕು ಎಂಬುದಕ್ಕೆ ಅವರು ಮತ್ತೆ ಮತ್ತೆ ಮುಂದಿಡುವುದು ಒಂದು ಪಟ್ಟಿಯನ್ನು. ಚಿಪ್ಪಿನ ಮಣಿಗಳಿಂದ ನೇಯ್ದ ವ್ಯಾಂಪಮ್ ಪಟ್ಟಿ ಅದು. ಬಿಳಿಯ ಹಾಸಿನ ಮೇಲೆ ಎರಡು ನೇರಳೆ ಸಾಲು. ಒಂದು ಸಾಲು ಡಚ್ಚರ ಹಡಗು, ಇನ್ನೊಂದು ಹೋಡೆನೊಶೋನಿಗಳ ದೋಣಿ. ಎರಡೂ ಒಂದೇ ನದಿಯಲ್ಲಿ ಜೊತೆಜೊತೆಗೆ ಸಾಗಬೇಕು, ಒಬ್ಬರ ಚುಕ್ಕಾಣಿಗೆ ಇನ್ನೊಬ್ಬರು ಕೈ ಹಾಕಬಾರದು. ಅವರ ಮೌಖಿಕ ಪರಂಪರೆ ಈ ಒಪ್ಪಂದವನ್ನು 1613ಕ್ಕೆ ಒಯ್ಯುತ್ತದೆ. ಇಸವಿಯ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ. ತತ್ತ್ವದ ಬಗ್ಗೆ ಒಕ್ಕೂಟದಲ್ಲಿ ಯಾವ ಜಗಳವೂ ಇಲ್ಲ. ಮುಂದೆ 1794ರ ನವೆಂಬರ್ 11ರಂದು ಹೊಸದಾಗಿ ಹುಟ್ಟಿದ್ದ ಅಮೆರಿಕವೇ ಕನಂಡೈಗ್ವಾದಲ್ಲಿ ಇವರೊಡನೆ ಒಪ್ಪಂದ ಮಾಡಿಕೊಂಡಿತು. ಆ ಒಪ್ಪಂದದ ಪ್ರಕಾರ ಸಲ್ಲಬೇಕಾದ ಬಟ್ಟೆಯನ್ನು ಅಮೆರಿಕ ಸರ್ಕಾರ ವರ್ಷಾವರ್ಷ ಕಳಿಸುತ್ತಲೇ ಬಂದಿದೆ. ತುಂಡು ಬಟ್ಟೆಗೆ ಬೆಲೆ ಏನು ಎಂದು ಕೇಳುವವರಿದ್ದಾರೆ. ಅದು ಬರುತ್ತಿರುವಷ್ಟು ಕಾಲ ಒಪ್ಪಂದ ಜೀವಂತ ಎಂಬುದೇ ಅದರ ಬೆಲೆ.

ಪಾಸ್‌ಪೋರ್ಟಿನ ಕಥೆ ಆಮೇಲಿನದು. ಕೆನಡಾದ ಗ್ರ್ಯಾಂಡ್ ನದಿ ತೀರದ ಸಮುದಾಯದ ವಕ್ತಾರ, ಕಯುಗಾ ನಾಯಕ ದೆಸ್ಕಾಹೆ 1923ರಲ್ಲಿ ತನ್ನ ಸಭೆಯೇ ಕೊಟ್ಟ ಪಾಸ್‌ಪೋರ್ಟ್ ಹಿಡಿದು ಜಿನೀವಾಕ್ಕೆ ಹೋದರು. ಕೆನಡಾ ತಮ್ಮ ಆಡಳಿತದಲ್ಲಿ ಕೈಯಾಡಿಸುತ್ತಿದೆ, ವಿಶ್ವಸಂಸ್ಥೆಗೂ ಮುಂಚಿನ ಸಂಸ್ಥೆಯಾದ ರಾಷ್ಟ್ರಸಂಘ ಕೇಳಬೇಕು ಎಂಬುದು ಅವರ ಅಹವಾಲು. ಅರ್ಜಿಯನ್ನು ರಾಷ್ಟ್ರಸಂಘಕ್ಕೆ ತಲುಪಿಸಿದ್ದು ಎರಡು ಸಾಲಿನ ಪಟ್ಟಿಯ ಆ ಹಳೆಯ ಪಾಲುದಾರ ನೆದರ್ಲೆಂಡ್ಸ್. ಐರ್ಲೆಂಡ್, ಪರ್ಷಿಯಾ, ಎಸ್ಟೋನಿಯಾ, ಪನಾಮಾ ಎಂಬ ನಾಲ್ಕು ದೇಶಗಳು ವಿಷಯವನ್ನು ಚರ್ಚೆಗೆ ತರಬೇಕೆಂದು ಕೇಳಿದವು. ಇದು ಸಾಮ್ರಾಜ್ಯದ ಮನೆಯೊಳಗಿನ ವಿಚಾರ ಎಂದು ಬ್ರಿಟನ್ ಬಾಗಿಲು ಹಾಕಿಸಿತು. ದೆಸ್ಕಾಹೆ ಇನ್ನೂ ಯುರೋಪಿನಲ್ಲಿದ್ದಾಗಲೇ, 1924ರ ಅಕ್ಟೋಬರಿನಲ್ಲಿ, ಕೆನಡಾ ಆ ಸಾಂಪ್ರದಾಯಿಕ ಸಭೆಯನ್ನು ಕಿತ್ತುಹಾಕಿ ಚುನಾಯಿತ ಮಂಡಲಿಯನ್ನು ಕೂರಿಸಿತು. ಅವರು ಊರಿಗೆ ಮರಳಲಾಗದೆ ಗಡಿಯ ಅಮೆರಿಕದ ಕಡೆಯಲ್ಲೇ 1925ರ ಜೂನಿನಲ್ಲಿ ತೀರಿಕೊಂಡರು.

1924ರಲ್ಲೇ ಅಮೆರಿಕ ಕಾನೂನು ಮಾಡಿ ತನ್ನ ಗಡಿಯೊಳಗಿನ ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ಕೊಟ್ಟಿತು. ಬೇಕೇ ಎಂದು ಯಾರನ್ನೂ ಕೇಳಲಿಲ್ಲ. ಕೇಳದೆ ಕೊಟ್ಟದ್ದನ್ನು ನಾವು ಒಪ್ಪಿಲ್ಲ ಎಂದು ಒಕ್ಕೂಟದ ನಾಯಕರು ಆಗಲೇ ಹೇಳಿದರು. ಈ ಒಂದು ವಾಕ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. 2010ರ ಗಂಟು ಬಿದ್ದಿರುವುದು ಇಲ್ಲೇ.

1977ರಲ್ಲಿ ಅಮೆರಿಕ ಖಂಡಗಳ ಮೂಲನಿವಾಸಿಗಳ ಬಗ್ಗೆ ವಿಶ್ವಸಂಸ್ಥೆಯ ಜಿನೀವಾ ಕಚೇರಿಯಲ್ಲಿ ಸಮಾವೇಶ ನಡೆದಾಗ ಹೋಡೆನೊಶೋನಿ ನಿಯೋಗ ಮತ್ತೆ ತನ್ನದೇ ಪಾಸ್‌ಪೋರ್ಟಿನಲ್ಲಿ ಅಲ್ಲಿಗೆ ಹೋಯಿತು. ಅಲ್ಲಿಂದ ಮುಂದೆ ಮೂರು ದಶಕ ಅದೇ ಪುಸ್ತಿಕೆಯನ್ನು ಹಲವು ದೇಶಗಳ ವಲಸೆ ಅಧಿಕಾರಿಗಳು ನೋಡಿ, ಒಮ್ಮೊಮ್ಮೆ ಹುಬ್ಬೇರಿಸಿ, ಮುದ್ರೆ ಒತ್ತಿ ಕಳಿಸಿದ್ದುಂಟು. ಲಿಖಿತ ಮಾನ್ಯತೆ ಯಾರೂ ಕೊಟ್ಟಿರಲಿಲ್ಲ. ರೂಢಿಯೇ ಮಾನ್ಯತೆಯಾಗಿತ್ತು.

ಇನ್ನು ಆಟ. ಜಾಳಿಗೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಓಡುವ ಲಕ್ರಾಸ್ ಹುಟ್ಟಿದ್ದೇ ಈ ನೆಲದಲ್ಲಿ. ಅವರಿಗೆ ಅದು ಸೃಷ್ಟಿಕರ್ತನ ಆಟ. ಕಾಯಿಲೆ ಬಿದ್ದವರಿಗಾಗಿ, ಕಷ್ಟದಲ್ಲಿರುವ ಸಮುದಾಯಕ್ಕಾಗಿ ಮದ್ದಿನಂತೆ ಆಡಿಸುವ ಪದ್ಧತಿ ಇಂದಿಗೂ ಇದೆ. 1880ರ ಸುಮಾರಿಗೆ ಕೆನಡಾದ ಕ್ಲಬ್ಬುಗಳು ಹವ್ಯಾಸಿ ನಿಯಮದ ನೆಪ ಹೇಳಿ, ಆಟವನ್ನು ಕಲಿಸಿದವರನ್ನೇ ಪಂದ್ಯಾವಳಿಗಳಿಂದ ಹೊರಗಿಟ್ಟವು. ಒಂದು ಶತಮಾನ ಕಳೆದ ಮೇಲೆ, 1983ರಲ್ಲಿ, ಒಕ್ಕೂಟದ ಹೆಸರಿನಲ್ಲಿ ‘ಇರೊಕ್ವಾ ನ್ಯಾಷನಲ್ಸ್’ ತಂಡ ಹುಟ್ಟಿತು. 1990ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್‌ಶಿಪ್ ಆಡಿತು. ಮೂಲನಿವಾಸಿ ರಾಷ್ಟ್ರವೊಂದು ಸ್ವಂತ ಬಾವುಟ ಹಿಡಿದು ಅಂತರರಾಷ್ಟ್ರೀಯ ಕ್ರೀಡಾಂಗಣಕ್ಕೆ ಇಳಿಯುವುದು ಎಂದರೆ ಅದು ಆಟವಷ್ಟೇ ಅಲ್ಲ, ನಿಕ್ಕರು ತೊಟ್ಟ ರಾಯಭಾರ.

ಗಂಟು

2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕ ತನ್ನ ಗಡಿಗಳಲ್ಲಿ ದಾಖಲೆಯ ನಿಯಮಗಳನ್ನು ಒಂದೊಂದಾಗಿ ಬಿಗಿಗೊಳಿಸಿತು. ವಿಮಾನದಲ್ಲಿ ಬರುವವರಿಗೆ 2007ರಲ್ಲಿ, ಭೂಮಾರ್ಗ ಮತ್ತು ಜಲಮಾರ್ಗಕ್ಕೆ 2009ರ ಜೂನಿನಲ್ಲಿ ಹೊಸ ನಿಯಮ ಬಂತು. ಯಂತ್ರ ಓದಬಲ್ಲ, ಸುಲಭವಾಗಿ ನಕಲು ಮಾಡಲಾಗದ ಪಾಸ್‌ಪೋರ್ಟ್ ಅಥವಾ ಅಂಥದೇ ದಾಖಲೆ ಬೇಕು ಎಂಬುದು ತಿರುಳು. ಹೋಡೆನೊಶೋನಿ ಪಾಸ್‌ಪೋರ್ಟಿನಲ್ಲಿ ಕೆಲವು ವಿವರಗಳನ್ನು ಇನ್ನೂ ಕೈಯಲ್ಲೇ ಬರೆಯಲಾಗುತ್ತಿತ್ತು. ಒಕ್ಕೂಟಕ್ಕೆ ಇದು ಗೊತ್ತಿರಲಿಲ್ಲವೆಂದಲ್ಲ. ಹತ್ತು ಲಕ್ಷ ಡಾಲರಿಗೂ ಮೀರಿ ಖರ್ಚು ಮಾಡಿ ಹೊಸ ಬಗೆಯ ಪುಸ್ತಿಕೆಯ ಕೆಲಸ ಶುರುಮಾಡಿತ್ತು. ಆದರೆ ಚಾಂಪಿಯನ್‌ಶಿಪ್ ಬಂದಾಗ ಆ ಕೆಲಸ ಮುಗಿದಿರಲಿಲ್ಲ.

ಬ್ರಿಟನ್ ವೀಸಾ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿತು: ಆಟ ಮುಗಿದ ಮೇಲೆ ಇವರನ್ನು ಅಮೆರಿಕ ವಾಪಸು ಸೇರಿಸಿಕೊಳ್ಳುತ್ತದೆಯೇ? ಬರಹದಲ್ಲಿ ಭರವಸೆ ಬೇಕು. ಅಮೆರಿಕದ ಉತ್ತರ: ಈ ಪುಸ್ತಿಕೆ ಈಗಿನ ನಿಯಮಕ್ಕೆ ಹೊಂದುವುದಿಲ್ಲ, ಆದ್ದರಿಂದ ಭರವಸೆ ಕೊಡಲಾಗದು. ಅಂದರೆ ಹೊರಗೆ ಹೋಗಲು ಒಳಗೆ ಬರುವ ಖಾತರಿ ಬೇಕು, ಒಳಗೆ ಬರುವ ಖಾತರಿ ಬೇಕಾದರೆ ಬೇರೆಯವರ ಪಾಸ್‌ಪೋರ್ಟ್ ಬೇಕು. ಕಚೇರಿಗಳಲ್ಲಿ ‘ಆ ಟೇಬಲಿಗೆ ಹೋಗಿ’ ಎನ್ನಿಸಿಕೊಂಡು ಅಲೆದವರಿಗೆ ಈ ಸುತ್ತಾಟ ಹೊಸತೇನಲ್ಲ. ಇಲ್ಲಿ ಆ ಎರಡು ಟೇಬಲುಗಳ ನಡುವೆ ಒಂದು ಮಹಾಸಾಗರವಿತ್ತು, ಅಷ್ಟೇ.

ಮೂರು ದಾರಿ, ಐದು ದಿನ

ತಂಡದ ಮುಂದೆ ಮೊದಲ ದಾರಿ ತೀರ ಸುಲಭದ್ದು, ಅದನ್ನು ತೋರಿಸಿದ್ದು ಅಮೆರಿಕದ ವಿದೇಶಾಂಗ ಇಲಾಖೆಯೇ. ಅಮೆರಿಕನ್ ಪಾಸ್‌ಪೋರ್ಟ್ ತೆಗೆದುಕೊಳ್ಳಿ, ಸಾಲಿನಲ್ಲಿ ನಿಲ್ಲಿಸದೆ ತುರ್ತಾಗಿ ಮಾಡಿಕೊಡುತ್ತೇವೆ. ಇದರಲ್ಲಿ ದುರುದ್ದೇಶವಿತ್ತೆಂದು ನನಗನ್ನಿಸುವುದಿಲ್ಲ. ಅಧಿಕಾರಿಗಳ ಕಣ್ಣಿಗೆ ಅವರು 1924ರ ಕಾನೂನಿನಂತೆ ಅಮೆರಿಕದ ಪ್ರಜೆಗಳೇ, ಮತ್ತೆ ತಕರಾರೇನು? ಯಾರಾದರೂ ನೆರವಿನ ಕೈ ಚಾಚಿದರೆ ಅದನ್ನು ತಳ್ಳುವವನು ಹಟಮಾರಿಯಾಗಿ ಕಾಣುತ್ತಾನೆ. ಈ ಇಡೀ ಪ್ರಕರಣದ ಅತ್ಯಂತ ಅಪಾಯದ ಕ್ಷಣ ಇದೇ ಎಂಬುದು ನನ್ನ ಓದು. ಬಾಗಿಲು ಮುಚ್ಚಿದಾಗ ಒಗ್ಗಟ್ಟಾಗುವುದು ಸುಲಭ. ಪಕ್ಕದ ಬಾಗಿಲು ತೆರೆದು ‘ಬನ್ನಿ’ ಎಂದಾಗ ಅಲುಗಾಡದೆ ನಿಲ್ಲುವುದು ಕಷ್ಟ.

ತಂಡ ಬೇಡವೆಂದಿತು. ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿ. ಜೆರ್ಸಿಯ ಮೇಲೆ ಒಕ್ಕೂಟದ ಹೆಸರು, ಜೇಬಿನಲ್ಲಿ ಅಮೆರಿಕದ ಪುಸ್ತಿಕೆ. ಅಂದಿನಿಂದ ಮುಂದಕ್ಕೆ ಯಾವ ದೇಶದ ಅಧಿಕಾರಿಯಾದರೂ ಕೇಳಬಹುದಿತ್ತು: ಮ್ಯಾಂಚೆಸ್ಟರ್‌ಗೆ ಹೋದಾಗ ಅಮೆರಿಕನ್ನರಾಗಿದ್ದಿರಿ, ಈಗೇನಾಯಿತು? ಮೂವತ್ತು ವರ್ಷ ಕಟ್ಟಿದ ರೂಢಿ ಒಂದು ಪ್ರಯಾಣದಲ್ಲಿ ಬಿದ್ದುಹೋಗುತ್ತಿತ್ತು. ಅಲ್ಲದೆ ತಂಡದ ಆಟಗಾರರು ಗಡಿಯ ಎರಡೂ ಕಡೆಯವರು. ಕೆಲವರು ಅಮೆರಿಕದ ಪಾಸ್‌ಪೋರ್ಟಿನಲ್ಲಿ, ಕೆಲವರು ಕೆನಡಾದ ಪಾಸ್‌ಪೋರ್ಟಿನಲ್ಲಿ ಇಳಿದಿದ್ದರೆ ಅದು ಒಂದು ರಾಷ್ಟ್ರದ ತಂಡ ಹೇಗಾಗುತ್ತಿತ್ತು? ಎರಡು ದೇಶಗಳಿಂದ ಆಯ್ದ ಆಟಗಾರರ ಕೂಟವಾಗುತ್ತಿತ್ತು.

ಹಾಗೆಂದು ಬೆಲೆ ಸಣ್ಣದಾಗಿರಲಿಲ್ಲ. ಚಾಂಪಿಯನ್‌ಶಿಪ್ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಇಪ್ಪತ್ತೈದು ದಾಟಿದ ಆಟಗಾರನಿಗೆ ಮುಂದಿನದು ಸಿಗುತ್ತದೆಂಬ ಖಾತರಿಯಿಲ್ಲ. ಸಾರ್ವಭೌಮತ್ವದ ಬಗ್ಗೆ ಬರೆಯುವ ನಮ್ಮಂಥವರು ಕುರ್ಚಿಯಲ್ಲಿ ಕೂತು ‘ಎಂಥ ಧೀರ ನಿರ್ಧಾರ’ ಎಂದು ಬರೆದುಬಿಡುತ್ತೇವೆ. ಆ ನಿರ್ಧಾರದ ಬಿಲ್ಲು ಹೋದದ್ದು ಇಪ್ಪತ್ತಮೂರು ಆಟಗಾರರ ಹೆಸರಿಗೆ.

ಎರಡನೆಯ ದಾರಿ ಮೇಲಿನಿಂದ ಒತ್ತಡ ತರುವುದು. ನ್ಯೂಯಾರ್ಕ್ ರಾಜ್ಯದ ಸಂಸದರು ವಿದೇಶಾಂಗ ಇಲಾಖೆಯ ಬೆನ್ನು ಹತ್ತಿದರು. ಮೂರನೆಯದು ಕಾಯುವುದು, ಕಾಯುತ್ತಿರುವುದನ್ನು ಜಗತ್ತಿಗೆ ಕಾಣಿಸುವುದು. ವಾರದ ಆರಂಭದಲ್ಲಿ ಹೊರಡಬೇಕಿದ್ದ ವಿಮಾನ ತಪ್ಪಿತು. ದಿನ ಕಳೆದಂತೆ ಹೋಟೆಲಿನ ಬಿಲ್ಲು, ಟಿಕೆಟ್ ಬದಲಾವಣೆಯ ಖರ್ಚು ಏರಿದವು. ಕಾಯುವುದು ಕೂಡ ದುಡ್ಡಿನ ವ್ಯವಹಾರ ಎಂಬುದನ್ನು ಇಂಥ ಹೋರಾಟಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಹಾಲಿವುಡ್ ನಿರ್ದೇಶಕ ಜೇಮ್ಸ್ ಕ್ಯಾಮರೂನ್ 50,000 ಡಾಲರ್ ಕೊಟ್ಟದ್ದರಿಂದ ಇನ್ನೊಂದೆರಡು ದಿನ ಉಳಿಯುವುದು ಸಾಧ್ಯವಾಯಿತು. ಪತ್ರಕರ್ತರು ಬಂದರು, ಕ್ಯಾಮೆರಾಗಳು ಬಂದವು. ಲಕ್ರಾಸ್ ಎಂದರೇನೆಂದು ಗೊತ್ತಿಲ್ಲದ ಲಕ್ಷಾಂತರ ಜನ ಹೋಡೆನೊಶೋನಿ ಎಂಬ ಹೆಸರನ್ನು ಮೊದಲ ಬಾರಿಗೆ ಕೇಳಿದರು.

ಜುಲೈ 14, ಬುಧವಾರ. ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಅವರ ಕಡೆಯಿಂದ ವಿನಾಯಿತಿ ಬಂತು. ಈ ಒಂದು ಸಲ ಮಾತ್ರ ಹೋಡೆನೊಶೋನಿ ಪಾಸ್‌ಪೋರ್ಟಿನ ಮೇಲೆ ತಂಡವನ್ನು ವಾಪಸು ಬರಮಾಡಿಕೊಳ್ಳುತ್ತೇವೆ ಎಂದು ಇಲಾಖೆ ಹೇಳಿತು. ಬ್ರಿಟನ್ ಕೇಳಿದ್ದೂ ಇದನ್ನೇ ಅಲ್ಲವೇ? ಹೋಟೆಲಿನಲ್ಲಿ ಸಂಭ್ರಮ. ದಾರಿ ಸುಗಮ ಎಂದೇ ಎಲ್ಲರೂ ತಿಳಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ಇಲ್ಲಿ ವರ ಕೊಟ್ಟ ದೇವರು ಒಂದು ಗುಡಿಯದು, ಪೂಜಾರಿ ಇನ್ನೊಂದು ಗುಡಿಯವನು. ಭರವಸೆ ಕೈಗೆ ಬಂದ ಮೇಲೂ ಬ್ರಿಟನ್ ವೀಸಾ ಕೊಡಲಿಲ್ಲ. ತಂಡವನ್ನು ಸ್ವಾಗತಿಸಲು ತಮಗೆ ಸಂತೋಷವೇ, ಆದರೆ ತಾವು ಮಾನ್ಯ ಮಾಡುವ ದಾಖಲೆಯೊಂದಿಗೆ, ಅಂದರೆ ಅಮೆರಿಕ ಅಥವಾ ಕೆನಡಾದ ಪಾಸ್‌ಪೋರ್ಟಿನೊಂದಿಗೆ ಬರಬೇಕು ಎಂದು ಗಡಿ ಇಲಾಖೆ ಹೇಳಿತು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ ತಕ್ಷಣ ಪ್ರಶ್ನೆಯೇ ಬದಲಾಗಿತ್ತು. ಮರುದಿನ ಇಂಗ್ಲೆಂಡ್ ವಿರುದ್ಧದ ಪಂದ್ಯ ಆಡದೆಯೇ ಕೈತಪ್ಪಿತು. 16ರಂದು ತಂಡ ಪಯಣವನ್ನು ಕೈಬಿಟ್ಟು ಮನೆಗೆ ಹೊರಟಿತು. ಕೊನೆಯ ಗಳಿಗೆಯವರೆಗೂ ಆ ಪಕ್ಕದ ಬಾಗಿಲು ತೆರೆದೇ ಇತ್ತು. ಅದರೊಳಗೆ ಯಾರೂ ಹೋಗಲಿಲ್ಲ.

ಇಲ್ಲೊಂದು ಸಣ್ಣ ಹಾದಿ ತಪ್ಪುವ ಅನುಮತಿ ಬೇಕು. ಸರಿಯಾಗಿ ಮುನ್ನೂರು ವರ್ಷ ಹಿಂದೆ, 1710ರಲ್ಲಿ, ಮೂವರು ಮೋಹಾಕರೂ ಒಬ್ಬ ಮಹಿಕನ್ ಮುಖಂಡನೂ ಲಂಡನ್ನಿಗೆ ಹೋಗಿದ್ದರು. ಫ್ರೆಂಚರ ವಿರುದ್ಧ ಅವರ ಸ್ನೇಹ ಆಗ ಬ್ರಿಟನ್ನಿಗೆ ಬೇಕಾಗಿತ್ತು. ರಾಣಿ ಆ್ಯನ್ ಅವರನ್ನು ರಾಜರೆಂದೇ ಬರಮಾಡಿಕೊಂಡಳು, ಆಸ್ಥಾನದ ಸಾರೋಟು ಕಳಿಸಿದಳು, ಚಿತ್ರಕಾರನಿಂದ ನಾಲ್ವರ ಭಾವಚಿತ್ರ ಬರೆಸಿದಳು. ಯಂತ್ರ ಓದಬಲ್ಲ ದಾಖಲೆಯನ್ನು ಯಾರೂ ಕೇಳಿದಂತಿಲ್ಲ.

ಬಿಚ್ಚಿ ನೋಡಿದಾಗ

ಈ ಪ್ರಕರಣವನ್ನು ಬಲಿಪಶುಗಳು ಮತ್ತು ಖಳರ ಕಥೆಯಾಗಿ ಹೇಳುವುದು ಸುಲಭ. ಆದರೆ ಅದರಿಂದ ಕಲಿಯುವುದು ಕಡಿಮೆ. ಒಕ್ಕೂಟದ ಕಡೆಯ ಲೋಪವನ್ನು ಮೊದಲು ಹೇಳಿಬಿಡುತ್ತೇನೆ. ವಿಮಾನಯಾನದ ನಿಯಮ ಬದಲಾಗಿ ಮೂರು ವರ್ಷ ಕಳೆದಿತ್ತು. ಪುಸ್ತಿಕೆ ಹಳೆಯದೆಂದು ಗೊತ್ತಿತ್ತು. ಹೊರಡುವ ವಾರದಲ್ಲಿ ಜಗಳವಾಡುವ ಬದಲು ಹೊರಡುವ ವರ್ಷದಲ್ಲಿ ಮಾತುಕತೆ ನಡೆಸಬಹುದಿತ್ತು. ಕೈಬರಹದ ಪುಸ್ತಿಕೆ ಎದುರಿನವರಿಗೆ ಒಂದು ಅನುಕೂಲ ಮಾಡಿಕೊಟ್ಟಿತು: ರಾಜಕೀಯ ಪ್ರಶ್ನೆಯನ್ನು ತಾಂತ್ರಿಕ ಪ್ರಶ್ನೆಯಾಗಿ ತೋರಿಸುವ ಅನುಕೂಲ. ‘ನೀವು ರಾಷ್ಟ್ರವಲ್ಲ’ ಎಂದು ಹೇಳಲು ಯಾವ ಅಧಿಕಾರಿಗೂ ಬಾಯಿ ಬರುವುದಿಲ್ಲ. ‘ನಿಮ್ಮ ಪುಸ್ತಿಕೆಯಲ್ಲಿ ಚಿಪ್ ಇಲ್ಲ’ ಎಂದು ಹೇಳಲು ಯಾರಿಗೂ ಸಂಕೋಚವಿಲ್ಲ. ಆ ನೆಪ ಸಿಗದಂತೆ ಮಾಡುವುದು ರಾಜತಾಂತ್ರಿಕ ಕೆಲಸವೇ, ಮುದ್ರಣದ ಕೆಲಸವಲ್ಲ. ಹಾಗೆಂದು ಚಿಪ್ ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದಲ್ಲ. ಅಮೆರಿಕದ ಭರವಸೆ ಸಿಕ್ಕ ಮೇಲೂ ಬ್ರಿಟನ್ ಮಣಿಯದಿದ್ದದ್ದು ಅದನ್ನು ತೋರಿಸುತ್ತದೆ. ನೆಪ ಕಳಚಿದ್ದಿದ್ದರೆ ನಿಜವಾದ ಪ್ರಶ್ನೆ ಬೆಳಕಿಗೆ ಬರುತ್ತಿತ್ತು ಎಂಬಷ್ಟೇ ನನ್ನ ಮಾತು.

ಕ್ಲಿಂಟನ್ ಅವರ ವಿನಾಯಿತಿಯನ್ನು ಆಗ ಹಲವರು ಗೆಲುವು ಎಂದು ಬರೆದರು. ನನಗೆ ಹಾಗೆ ಕಾಣುವುದಿಲ್ಲ. ಒಂದು ಸಲಕ್ಕೆ ಮಾತ್ರ ಎಂಬ ಮಾತಿನ ಒಳಗೇ ‘ಇದು ನಿಮ್ಮ ಹಕ್ಕಲ್ಲ, ನಮ್ಮ ಕೃಪೆ’ ಎಂಬ ಮಾತು ಕೂತಿದೆ. 1977ರಿಂದ ನಡೆದು ಬಂದಿದ್ದ ರೂಢಿ ಅಪವಾದವೆಂದು ಕರೆಯಿಸಿಕೊಂಡಿತು. ಹಿಂದೆ ಅಧಿಕಾರಿ ಏನೂ ಬರೆಯದೆ ಮುದ್ರೆ ಒತ್ತುತ್ತಿದ್ದಾಗ ಒಕ್ಕೂಟದ ಸ್ಥಾನ ಇದಕ್ಕಿಂತ ಗಟ್ಟಿಯಾಗಿತ್ತು. ಆದರೂ ಆ ಘಳಿಗೆಯಲ್ಲಿ ಅದನ್ನು ಬೇಡವೆನ್ನುವುದು ಸಾಧ್ಯವಿರಲಿಲ್ಲ, ಬೇಡವೆನ್ನಬೇಕಿತ್ತು ಎಂದೂ ನಾನು ಹೇಳಲಾರೆ. ಸಂಧಾನಕ್ಕೆ ಕೂತವರಿಗೆ ಸಿಗುವ ಕಾಗದಗಳಲ್ಲಿ ಅರ್ಧ ಇಂಥವೇ.

ಇನ್ನೂ ವಿಚಿತ್ರ ಸಂಗತಿಯೊಂದಿದೆ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 144 ಮತ, ವಿರೋಧವಾಗಿ ನಾಲ್ಕು. ಆ ನಾಲ್ಕರಲ್ಲಿ ಅಮೆರಿಕವೂ ಕೆನಡಾವೂ ಇದ್ದವು. 2010ರ ಜುಲೈಯಲ್ಲಿ ಇಬ್ಬರೂ ಇನ್ನೂ ನಿಲುವು ಬದಲಿಸಿರಲಿಲ್ಲ. ಬ್ರಿಟನ್ ಪರವಾಗಿ ಮತ ಹಾಕಿತ್ತು. ಗಡಿಗಳಿಂದ ಹರಿದುಹೋದ ಮೂಲನಿವಾಸಿ ಜನ ಗಡಿಯಾಚೆಗೂ ಸಂಬಂಧ ಇಟ್ಟುಕೊಳ್ಳುವ ಹಕ್ಕನ್ನು ಆ ಘೋಷಣೆಯ 36ನೆಯ ವಿಧಿ ಎತ್ತಿಹಿಡಿಯುತ್ತದೆ. ಕೊನೆಗೆ ಘೋಷಣೆಗೆ ಬೇಡ ಎಂದ ದೇಶ ಒಂದು ಸಲದ ಮಟ್ಟಿಗಾದರೂ ಬಗ್ಗಿತು, ಬೇಕು ಎಂದ ದೇಶ ಬಾಗಿಲು ತೆರೆಯಲಿಲ್ಲ. ನ್ಯೂಯಾರ್ಕಿನಲ್ಲಿ ಮತ ಹಾಕುವ ಕೈಗೂ ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತುವ ಕೈಗೂ ಪರಿಚಯವೇ ಇರುವುದಿಲ್ಲ. ನಮ್ಮವರು ಇದನ್ನು ಓದಿ ನಗುವ ಮುಂಚೆ ಒಂದನ್ನು ನೆನಪಿಡಬೇಕು. ಭಾರತವೂ ಪರವಾಗಿಯೇ ಮತ ಹಾಕಿತು. ಹಾಕುವಾಗ, ಸ್ವಯಂನಿರ್ಣಯದ ಹಕ್ಕು ಪರಕೀಯರ ಆಳ್ವಿಕೆಯಲ್ಲಿರುವ ಜನರಿಗೆ ಮಾತ್ರ, ಸ್ವತಂತ್ರ ದೇಶದೊಳಗಿನ ಸಮುದಾಯಗಳಿಗಲ್ಲ ಎಂಬ ತನ್ನ ವ್ಯಾಖ್ಯಾನವನ್ನೂ ಜೊತೆಗೆ ಕಟ್ಟಿಕಳಿಸಿತು. ಹೌದು ಎನ್ನುತ್ತಲೇ ಒಂದು ಷರತ್ತನ್ನು ಜೇಬಿನಲ್ಲಿಟ್ಟುಕೊಳ್ಳುವ ವಿದ್ಯೆ ಲಂಡನ್ನಿನ ಸ್ವತ್ತಲ್ಲ.

ತಂಡದ ನಿರ್ಧಾರ ಸರಿಯೇ? ಆಡದೆ ಬಂದದ್ದರಿಂದ ಏನು ಸಿಕ್ಕಿತು? ಆಡಿದ್ದರೆ ಬಹುಶಃ ಒಂದು ಪದಕ ಸಿಗುತ್ತಿತ್ತು, ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲು ಸುದ್ದಿ ಬರುತ್ತಿತ್ತು. ಆಡದಿದ್ದದ್ದರಿಂದ ಪಾಸ್‌ಪೋರ್ಟಿನ ಪ್ರಶ್ನೆ ಮುಖಪುಟಕ್ಕೆ ಬಂತು. ದೆಸ್ಕಾಹೆಗೆ ರಾಷ್ಟ್ರಸಂಘದಲ್ಲಿ ವೇದಿಕೆ ಸಿಗಲಿಲ್ಲ. ಇವರಿಗೆ ಹೋಟೆಲಿನ ಹಜಾರವೇ ವೇದಿಕೆಯಾಯಿತು. ಇದನ್ನು ತಂತ್ರ ಎನ್ನಲಾರೆ. ಅವರು ನಿಜವಾಗಿ ಆಡಲೆಂದೇ ಹೊರಟಿದ್ದರು. ಆದರೆ ಸೋಲು ಖಚಿತವೆನಿಸಿದಾಗ ಯಾವ ಸೋಲನ್ನು ಒಪ್ಪಬೇಕು ಎಂಬ ಆಯ್ಕೆ ಕೈಯಲ್ಲಿ ಉಳಿದಿರುತ್ತದೆ. ಅವರು ಪಂದ್ಯವನ್ನು ಬಿಟ್ಟುಕೊಟ್ಟರು.

ಅನಂತರ

ರಗಳೆ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆದ ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಬೇಕಿದ್ದ ಹೋಡೆನೊಶೋನಿ ತಂಡಕ್ಕೂ ಬ್ರಿಟನ್ನಿನಲ್ಲಿ ಅದೇ ಗತಿಯಾಯಿತು, ಹುಡುಗಿಯರೂ ಆಡದೆ ಉಳಿದರು. ಗಂಡಸರ ತಂಡ 2014ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಸಲ ಕಂಚು ಗೆದ್ದಿತು. ಅಲ್ಲಿಗೆ ಹೋಗಲು ಸಾಗರ ದಾಟಬೇಕಿರಲಿಲ್ಲ.

2015ರ ಸೆಪ್ಟೆಂಬರಿನಲ್ಲಿ ಒಕ್ಕೂಟ ಬೇರೊಂದು ದಾರಿ ಹಿಡಿಯಿತು. ಒಳಾಂಗಣ ಲಕ್ರಾಸಿನ ವಿಶ್ವ ಚಾಂಪಿಯನ್‌ಶಿಪ್ ಅನ್ನು ಒನೊಂಡಾಗ ರಾಷ್ಟ್ರ ತನ್ನ ನೆಲದಲ್ಲೇ ನಡೆಸಿತು. ಬೇರೆ ಬೇರೆ ದೇಶಗಳಿಂದ ಬಂದ ಆಟಗಾರರ ಪಾಸ್‌ಪೋರ್ಟುಗಳ ಮೇಲೆ ಹೋಡೆನೊಶೋನಿ ಮುದ್ರೆ ಬಿತ್ತು. ಐದು ವರ್ಷ ಹಿಂದೆ ಮೇಜಿನ ಈಚೆ ನಿಂತು ಕಾದವರು ಈಗ ಮೇಜಿನ ಆಚೆ ಕೂತಿದ್ದರು. ವಾದಕ್ಕೆ ಕೂರದೆಯೇ ವಾದ ಮಂಡಿಸುವ ಈ ಬಗೆ ನನಗೆ 2010ರ ನಿರಾಕರಣೆಗಿಂತ ಹೆಚ್ಚು ಇಷ್ಟ. ಅಲ್ಲಿ ಬೇಡ ಎನ್ನುವ ಬಲವಿತ್ತು, ಇಲ್ಲಿ ಬನ್ನಿ ಎನ್ನುವ ಅಧಿಕಾರವಿತ್ತು.

2018ರಲ್ಲಿ ಇಸ್ರೇಲಿನ ನೆತಾನ್ಯಾಕ್ಕೆ ಹೊರಟಾಗ ಕೊನೆಯ ಗಳಿಗೆಯವರೆಗೂ ಪಾಸ್‌ಪೋರ್ಟಿನ ಪೇಚಾಟ ನಡೆಯಿತು. ಹೋಗಲೇಬಾರದು ಎಂದು ಪ್ಯಾಲೆಸ್ತೀನಿನ ಪರ ಇರುವವರ ಒತ್ತಾಯವೂ ಇತ್ತು. ತಡವಾಗಿಯಾದರೂ ತಂಡ ತನ್ನದೇ ಪುಸ್ತಿಕೆಯಲ್ಲಿ ತಲುಪಿತು, ಮತ್ತೆ ಕಂಚು ತಂದಿತು. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ 2022ರಲ್ಲಿ ನಡೆಯಲಿದ್ದ, ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಗಳ ಕೂಟವಾದ ವರ್ಲ್ಡ್ ಗೇಮ್ಸ್‌ನಿಂದ ಸಾರ್ವಭೌಮ ದೇಶವಲ್ಲ ಎಂಬ ಕಾರಣಕ್ಕೆ ತಂಡವನ್ನು ಮೊದಲು ಹೊರಗಿಟ್ಟಾಗ ಲಕ್ರಾಸ್ ಜಗತ್ತೇ ಗದ್ದಲ ಎಬ್ಬಿಸಿತು. ಸಂಘಟಕರು ಮನಸ್ಸು ಬದಲಿಸಿದ ಹೊತ್ತಿಗೆ ಪಟ್ಟಿಯಲ್ಲಿ ಜಾಗ ಉಳಿದಿರಲಿಲ್ಲ. ಆಗ, 2020ರಲ್ಲಿ, ತಾನು ಗಳಿಸಿದ್ದ ಸ್ಥಾನವನ್ನು ಬಿಟ್ಟುಕೊಟ್ಟು ಜಾಗ ಮಾಡಿದ ತಂಡ ಐರ್ಲೆಂಡಿನದು. 1923ರಲ್ಲಿ ದೆಸ್ಕಾಹೆಯ ಅರ್ಜಿಗೆ ದನಿಗೂಡಿಸಿದ ನಾಲ್ಕು ದೇಶಗಳಲ್ಲಿ ಒಂದು ಅದು. ಎರಡರ ನಡುವೆ ನೇರ ನಂಟು ಇದೆಯೆಂದು ನಾನು ಹೇಳುತ್ತಿಲ್ಲ. ಜೋಡಿಸಿಕೊಳ್ಳದೆ ಇರುವುದೂ ಕಷ್ಟ. 2022ರಲ್ಲಿ ತಂಡ ಇರೊಕ್ವಾ ಎಂಬ ಪರರಿಟ್ಟ ಹೆಸರನ್ನು ಕಳಚಿ ಹೋಡೆನೊಶೋನಿ ನ್ಯಾಷನಲ್ಸ್ ಆಯಿತು.

2023ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲಕ್ರಾಸನ್ನು ಸೇರಿಸುವ ತೀರ್ಮಾನವಾಯಿತು. ಆಟವನ್ನು ಹುಟ್ಟಿಸಿದವರು ಸ್ವಂತ ಬಾವುಟದಡಿ ಆಡಲಿ ಎಂದು ಅದೇ ಡಿಸೆಂಬರಿನಲ್ಲಿ ಅಧ್ಯಕ್ಷ ಜೋ ಬೈಡನ್ ಬಹಿರಂಗವಾಗಿ ಬೆಂಬಲಿಸಿದರು. ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದ್ದರೆ ಮಾತ್ರ ತಂಡ ಕಳಿಸಬಹುದು ಎಂಬುದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಉತ್ತರ. ಹೋಡೆನೊಶೋನಿಗಳಿಗೆ ಅಂಥ ಸಮಿತಿ ಇಲ್ಲ. ಆಡಲೇಬೇಕೆಂದಿರುವ ಆಟಗಾರರು ಅಮೆರಿಕದ ತಂಡದಲ್ಲೋ ಕೆನಡಾದ ತಂಡದಲ್ಲೋ ಆಡಬಹುದು ಎಂದೂ ಅದು ಸೇರಿಸಿದೆ.